ಕಿಟ್ ಆಮೇಲೆ, ಮೊದಲು ಒಂದು ಜೊತೆ ಸ್ಟಿಕ್

ಗಣೇಶನ ಹಬ್ಬ ಮುಗಿದ ಮೇಲೆ ಈ ಅಂಕಣಕ್ಕೆ ಡ್ರಮ್ಸ್ ಬಗ್ಗೆ ಪ್ರಶ್ನೆಗಳು ಜಾಸ್ತಿ ಬರುತ್ತವೆ. ಕಾರಣ ಗೊತ್ತಿರೋದೇ. ಬೀದಿ ಪೆಂಡಾಲಿನ ರಸಮಂಜರಿಯಲ್ಲಿ ಎಲ್ಲರೂ ಹಾಡುವವರನ್ನು ನೋಡುತ್ತಿರುವಾಗ, ಹಿಂದೆ ಕೂತು ಬಾರಿಸುವವನ ಕೈಯನ್ನೇ ನೋಡುತ್ತ ನಿಂತವರು ನಾಲ್ಕು ಜನ ಇದ್ದೇ ಇರುತ್ತಾರೆ. ನಾನೂ ಹಾಗೆ ನಿಂತವನೇ. ಈಗ ಇಪ್ಪತ್ತು ವರ್ಷದಿಂದ ಆರ್ಕೆಸ್ಟ್ರಾಗಳಲ್ಲಿ ಬಾರಿಸುತ್ತಿದ್ದೇನೆ, ಸಂಜೆ ಹೊತ್ತು ಕಲಿಸುತ್ತೇನೆ. ಹೆಸರು ಹಾಕಬೇಡಿ ಅಂತ ಕೆಲವರು ಕೇಳಿಕೊಂಡಿದ್ದರಿಂದ ಈ ಸಲ ಯಾರ ಹೆಸರೂ ಇಲ್ಲ, ಊರು ಮಾತ್ರ ಇದೆ.

ಪ್ರಶ್ನೆ: ಸರ್, ಈಗಷ್ಟೇ ಪಿಯುಸಿ ಮುಗಿಸಿದ್ದೇನೆ. ರಜೆಯಲ್ಲಿ ಅಂಗಡಿಯಲ್ಲಿ ಕೆಲಸ ಮಾಡಿ ಹದಿನಾಲ್ಕು ಸಾವಿರ ಕೂಡಿಟ್ಟಿದ್ದೇನೆ. ನಮ್ಮೂರಲ್ಲೇ ಒಬ್ಬರು ಹಳೇ ಡ್ರಮ್ ಸೆಟ್ ಮಾರುತ್ತಿದ್ದಾರೆ, ಹದಿಮೂರು ಸಾವಿರ ಹೇಳಿದ್ದಾರೆ. ತೊಗೊಳ್ಳಲಾ? ಇದುವರೆಗೂ ಸ್ಟಿಕ್ ಹಿಡಿದಿಲ್ಲ.
— ವಿದ್ಯಾರ್ಥಿ, ದಾವಣಗೆರೆ

ಉತ್ತರ: ಬೇಡ ತಮ್ಮಾ, ಈಗಲೇ ಬೇಡ. ಬೆವರು ಸುರಿಸಿ ಕೂಡಿಟ್ಟ ದುಡ್ಡು ಅದು, ಇನ್ನೊಂದು ಆರು ತಿಂಗಳು ಹಾಗೇ ಇರಲಿ. ಈಗ ನಿನಗೆ ಬೇಕಾಗಿರೋದು ಮೂರೇ ವಸ್ತು. ಒಂದು ಜೊತೆ ಸ್ಟಿಕ್, ಒಂದು ರಬ್ಬರ್ ಪ್ರಾಕ್ಟೀಸ್ ಪ್ಯಾಡ್, ಮೊಬೈಲಿನಲ್ಲಿ ಒಂದೇ ಸಮ ಟಿಕ್ ಟಿಕ್ ಅನ್ನುವ ಒಂದು ಮೆಟ್ರೊನೋಮ್ ಆ್ಯಪ್. ಆ್ಯಪ್ ಪುಕ್ಕಟೆ ಸಿಗುತ್ತದೆ. ಉಳಿದೆರಡಕ್ಕೆ ನಿನ್ನ ಉಳಿತಾಯದಲ್ಲಿ ಸ್ವಲ್ಪ ಮಾತ್ರ ಖರ್ಚಾಗುತ್ತದೆ.

ಸ್ಟಿಕ್ ಕೊಳ್ಳುವಾಗ 5ಎ ಅಂತ ಕೇಳು. ಅದು ನಡುಮಧ್ಯದ ಅಳತೆ, ಉದ್ದ ಸುಮಾರು 16 ಇಂಚು, ದಪ್ಪ ನಮ್ಮ ಕಿರುಬೆರಳಿನ ಆಸುಪಾಸು. 7ಎ ಅದಕ್ಕಿಂತ ಸಣ್ಣದು, 5ಬಿ ದಪ್ಪ. ಅಂಗಡಿಯಲ್ಲೇ ಜೊತೆಯ ಎರಡು ಸ್ಟಿಕ್ಕನ್ನೂ ಗಾಜಿನ ಮೇಜಿನ ಮೇಲೆ ಉರುಳಿಸಿ ನೋಡು. ಬಾಗಿದ್ದರೆ ಕುಂಟುತ್ತಾ ಉರುಳುತ್ತದೆ, ಅಂಥದ್ದನ್ನು ವಾಪಸ್ ಕೊಡು. ಹಿಕರಿ ಮರದ್ದು ಸಿಕ್ಕರೆ ಅದನ್ನೇ ತೊಗೋ, ಏಟಿಗೆ ತಡೆದುಕೊಳ್ಳುತ್ತದೆ.

ಈಗ ಮೊದಲನೇ ಪಾಠ. ಸ್ಟಿಕ್ಕನ್ನು ಹಿಂದಿನ ತುದಿಯಿಂದ ಮೂರನೇ ಒಂದು ಭಾಗದಷ್ಟು ಮುಂದೆ, ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹಿಡಿ. ಉಳಿದ ಮೂರು ಬೆರಳು ಸುಮ್ನೆ ಸುತ್ತಿಕೊಂಡಿರಲಿ, ಒತ್ತಬೇಡ. ಸ್ಟಿಕ್ಕಿನ ತಲೆಯನ್ನು ಎತ್ತಿ ಪ್ಯಾಡಿನ ಮೇಲೆ ಬಿಡು. ಹೊಡೆಯಬೇಡ, ಬಿಡು. ಅದು ತಾನಾಗಿ ಪುಟಿಯುತ್ತದೆ: ಟಕ್, ಟಕ್, ಟಕಟಕ, ಟರ್ರ್ ಅಂತ ಚಿಕ್ಕದಾಗುತ್ತಾ ನಿಲ್ಲುತ್ತದೆ. ಎಷ್ಟು ಸಲ ಪುಟಿಯಿತು ಅಂತ ಎಣಿಸು. ಹಿಡಿತವನ್ನು ಒಂದು ಬೆರಳಗಲ ಹಿಂದೆ ಸರಿಸು, ಮತ್ತೆ ಬಿಡು, ಮತ್ತೆ ಎಣಿಸು. ಮುಂದೆ ಸರಿಸಿಯೂ ನೋಡು. ಎಲ್ಲಿ ಹಿಡಿದಾಗ ಅತಿ ಹೆಚ್ಚು ಪುಟಿಯುತ್ತದೋ ಅದೇ ನಿನ್ನ ಹಿಡಿತದ ಜಾಗ. ಪೆನ್ಸಿಲ್ಲಿನಲ್ಲಿ ಗುರುತು ಹಾಕಿಕೋ. ಡ್ರಮ್ಸ್ ಬಾರಿಸೋದು ಅಂದರೆ ಅರ್ಧ ಕೆಲಸ ನಮ್ಮದು, ಅರ್ಧ ಆ ಪುಟಿತದ್ದು. ಹೊಸಬರು ಇಡೀ ಕೆಲಸವನ್ನೂ ತಾವೇ ಮಾಡಲು ಹೋಗಿ ಬಿಗಿ ಹಿಡಿಯುತ್ತಾರೆ, ಹತ್ತು ನಿಮಿಷಕ್ಕೆ ಮುಂಗೈ ಕಲ್ಲಾಗುತ್ತದೆ.

ಆಮೇಲೆ ಮೆಟ್ರೊನೋಮನ್ನು 60ಕ್ಕೆ ಇಡು. ನಿಮಿಷಕ್ಕೆ 60, ಅಂದರೆ ಸೆಕೆಂಡಿಗೊಂದು ಟಿಕ್. ಬಲ, ಎಡ, ಬಲ, ಎಡ, ಒಂದು ಟಿಕ್ಕಿಗೆ ಒಂದೇ ಏಟು. ಇಷ್ಟೇನಾ ಅಂತ ಅನಿಸುತ್ತದೆ. ಐದು ನಿಮಿಷ ಮಾಡಿ ನೋಡು. ಏಟು ಟಿಕ್ಕಿಗಿಂತ ಒಂದು ಕೂದಲೆಳೆ ಮುಂಚೆ ಬಿದ್ದರೂ ಎರಡು ಸದ್ದು ಕೇಳುತ್ತದೆ. ಸರಿಯಾಗಿ ಟಿಕ್ಕಿನ ಮೇಲೇ ಬಿದ್ದಾಗ ಟಿಕ್ ಕಾಣೆಯಾಗುತ್ತದೆ. ನಿನ್ನ ಏಟು ಅದನ್ನು ನುಂಗಿರುತ್ತದೆ. ಮೊದಲ ದಿನ ಅದು ಹತ್ತರಲ್ಲಿ ಎರಡು ಸಲ ಆಗಬಹುದು. ಹತ್ತಕ್ಕೆ ಒಂಬತ್ತು ಸಲ ಟಿಕ್ ಕಾಣೆಯಾಗುವ ದಿನ ಬಂದಾಗ ನನಗೆ ಮತ್ತೆ ಬರಿ, ಕಿಟ್ ಬಗ್ಗೆ ಮಾತಾಡೋಣ.

ಆ ಹಳೇ ಸೆಟ್ ಆಗಲೂ ಅಲ್ಲೇ ಇದ್ದರೆ, ನೋಡಲು ಹೋಗುವಾಗ ಒಂದು ಮಾತು ನೆನಪಿರಲಿ. ಐದು ಪೀಸ್ ಸೆಟ್ ಅಂದರೆ ಕಾಲಲ್ಲಿ ತುಳಿದು ಬಾರಿಸುವ ದೊಡ್ಡ ಬೇಸ್ ಡ್ರಮ್, ಎದುರಿಗಿರುವ ಚುರುಕು ಸದ್ದಿನ ಸ್ನೇರ್, ಎರಡು ಟಾಮ್, ನೆಲದ ಮೇಲೆ ನಿಲ್ಲುವ ಒಂದು ಫ್ಲೋರ್ ಟಾಮ್. ಸಿಂಬಲ್‌ಗಳು (ತಾಳದಂಥ ಲೋಹದ ತಟ್ಟೆಗಳು) ಆ ಲೆಕ್ಕದಲ್ಲಿ ಬರುವುದಿಲ್ಲ. ಅವು ಇವೆಯಾ, ಅಂಚಿನಲ್ಲಿ ಬಿರುಕು ಬಿಟ್ಟಿವೆಯಾ ಅಂತ ಬೆರಳಾಡಿಸಿ ನೋಡಬೇಕು. ಸ್ಟ್ಯಾಂಡುಗಳ ಸ್ಕ್ರೂ ಬಿಗಿ ಮಾಡಿ ಮೇಲಿಂದ ಒತ್ತಿ ನೋಡಬೇಕು. ತೊಗಲು, ಅಂದರೆ ಹೆಡ್, ಹಾಳಾಗಿದ್ದರೆ ಚಿಂತೆಯಿಲ್ಲ, ಬದಲಾಯಿಸಬಹುದು. ಬಿರುಕು ಬಿಟ್ಟ ಸಿಂಬಲ್ ಮತ್ತೆ ಸರಿಹೋಗುವುದಿಲ್ಲ.

ಪ್ರಶ್ನೆ: ಬ್ಯಾಂಕಿನಲ್ಲಿ ಕೆಲಸ, ವಯಸ್ಸು 46. ಮಗಳು ಹಾಸ್ಟೆಲ್‌ಗೆ ಹೋದ ಮೇಲೆ ಮನೆಯಲ್ಲಿ ಒಂದು ರೂಮ್ ಖಾಲಿ ಇದೆ. ಕಾಲೇಜಿನ ದಿನಗಳಿಂದಲೂ ಡ್ರಮ್ಸ್ ಕಲಿಯುವ ಆಸೆ. ಮನೆಯಲ್ಲಿ ನಗುತ್ತಾರೆ. ಈ ವಯಸ್ಸಿಗೆ ಕೈಕಾಲು ಹೇಳಿದ ಮಾತು ಕೇಳುತ್ತವಾ? ನಾವಿರೋದು ಅಪಾರ್ಟ್‌ಮೆಂಟಿನ ಮೂರನೇ ಮಹಡಿ, ಕೆಳಗಿನ ಮನೆಯವರು ಮಿಕ್ಸಿ ಸದ್ದಿಗೇ ಫೋನ್ ಮಾಡುತ್ತಾರೆ.
— ಓದುಗರು, ಬೆಂಗಳೂರು

ಉತ್ತರ: ಮೇಡಂ, ನಗುವವರು ನಗಲಿ. ಅಮೆರಿಕದಲ್ಲಿ ವಯೋಲಾ ಸ್ಮಿತ್ ಅಂತ ಒಬ್ಬ ಡ್ರಮ್ಮರ್ ಇದ್ದರು. 1912ರಲ್ಲಿ ಹುಟ್ಟಿದವರು, 2020ರಲ್ಲಿ ತೀರಿಕೊಂಡರು. 107 ವರ್ಷ ಬದುಕಿದರು, ನೂರು ದಾಟಿದ ಮೇಲೂ ಸ್ಟಿಕ್ ಹಿಡಿದಿದ್ದರು. ಹೆಂಗಸರು ಡ್ರಮ್ಸ್ ಬಾರಿಸುವುದೇ ಅಪರೂಪವಾಗಿದ್ದ ಕಾಲದಲ್ಲಿ ಶುರು ಮಾಡಿದವರು. ಅಷ್ಟು ದೂರ ಯಾಕೆ, ಬೆಂಗಳೂರಲ್ಲೇ ಇರುವ ಸುಕನ್ಯಾ ರಾಮಗೋಪಾಲ್ ಅವರು ಘಟ ನುಡಿಸಲು ಹೊರಟಾಗ, ಹೆಣ್ಣು ಕೈಗೆ ಘಟ ಯಾಕೆ ಅಂದವರು ಕಡಿಮೆ ಇರಲಿಲ್ಲ. ಇವತ್ತು ಘಟ ಅಂದರೆ ಅವರ ಹೆಸರು ಬರದೆ ಮಾತು ಮುಗಿಯುವುದಿಲ್ಲ.

ಕೈಕಾಲು ಮಾತು ಕೇಳುತ್ತವಾ ಅಂತ ಈಗಲೇ ಪರೀಕ್ಷೆ ಮಾಡಿಬಿಡೋಣ. ಕುರ್ಚಿ ಮೇಲೆ ಕೂತುಕೊಳ್ಳಿ. ಬಾಯಲ್ಲಿ ‘ಒಂದು ಮತ್ತು ಎರಡು ಮತ್ತು ಮೂರು ಮತ್ತು ನಾಲ್ಕು ಮತ್ತು’ ಅಂತ ಒಂದೇ ಸಮ ಹೇಳಿ. ಬಲಗೈಯಲ್ಲಿ ಬಲ ತೊಡೆಯ ಮೇಲೆ ಪ್ರತಿ ಮಾತಿಗೂ ಒಂದು ಏಟು, ಒಟ್ಟು ಎಂಟು. ಅದು ಕೂತ ಮೇಲೆ ‘ಒಂದು’ ಮತ್ತು ‘ಮೂರು’ ಬಂದಾಗ ಬಲಗಾಲನ್ನು ನೆಲಕ್ಕೆ ತಟ್ಟಿ. ಅದೂ ಕೂತ ಮೇಲೆ ‘ಎರಡು’ ಮತ್ತು ‘ನಾಲ್ಕು’ ಬಂದಾಗ ಎಡಗೈಯಲ್ಲಿ ಎಡ ತೊಡೆಗೆ. ಬಲಗೈ ಹೈ-ಹ್ಯಾಟ್ (ಒಂದರ ಮೇಲೊಂದು ಕೂತ ಜೋಡಿ ಸಿಂಬಲ್), ಕಾಲು ಬೇಸ್ ಡ್ರಮ್, ಎಡಗೈ ಸ್ನೇರ್. ಅಷ್ಟೇ, ನೀವು ಡ್ರಮ್ಸ್ ಬಾರಿಸುತ್ತಿದ್ದೀರಿ. ಸಿನಿಮಾ ಹಾಡುಗಳಲ್ಲಿ ದಿನವೂ ಕೇಳುವ ಲೆಕ್ಕವಿಲ್ಲದಷ್ಟು ಬೀಟುಗಳ ಬುಡ ಇದೇ. ಮೊದಲ ಸಲ ಎಡಗೈ ಎದ್ದ ತಕ್ಷಣ ಕಾಲೂ ಜೊತೆಗೆ ಏಳುತ್ತದೆ, ಬಲಗೈ ನಿಂತೇಹೋಗುತ್ತದೆ. ಹದಿನಾರು ವರ್ಷದವರಿಗೂ ಹಾಗೇ ಆಗುತ್ತದೆ. ನನ್ನ ಹತ್ತಿರ ಬಂದ ನಲವತ್ತು ದಾಟಿದವರಲ್ಲಿ ನಾನು ನೋಡಿದ್ದು ಏನಂದರೆ, ಅವರಿಗೆ ಕೈ ಓಡುವುದು ನಿಧಾನ, ಆದರೆ ನಿಧಾನವಾಗಿ ಮಾಡಿ ಅಂದರೆ ನಿಜವಾಗಿಯೂ ನಿಧಾನವಾಗಿ ಮಾಡುತ್ತಾರೆ. ಹುಡುಗರಿಗೆ ಅದೇ ಕಷ್ಟ.

ಇನ್ನು ಸದ್ದಿನ ವಿಷಯ. ಮಾಮೂಲಿ ಡ್ರಮ್ ಸೆಟ್ ಅಪಾರ್ಟ್‌ಮೆಂಟಿಗೆ ಆಗಿಬರುವುದಿಲ್ಲ, ಆ ಯೋಚನೆ ಬಿಡಿ. ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ದಾಟಬಾರದು ಅಂತ 2000ದ ಶಬ್ದ ಮಾಲಿನ್ಯ ನಿಯಮದಲ್ಲೇ ಇದೆ. ರಾತ್ರಿ ಅಂದರೆ ಹತ್ತರಿಂದ ಬೆಳಗ್ಗೆ ಆರು. ಡ್ರಮ್ ಸೆಟ್ಟಿನ ಸದ್ದು ಬಾರಿಸುವವರ ಕಿವಿಯ ಹತ್ತಿರ ಸಲೀಸಾಗಿ 100 ದಾಟುತ್ತದೆ. ಹಾಗಾಗಿ ನಿಮಗೆ ಎಲೆಕ್ಟ್ರಾನಿಕ್ ಕಿಟ್ ಸರಿ, ಅದರಲ್ಲೂ ಬಲೆಯಂಥ ಬಟ್ಟೆಯ ಮೆಶ್ ಹೆಡ್ ಇರುವುದು. ರಬ್ಬರಿನದಕ್ಕಿಂತ ಸದ್ದು ಕಡಿಮೆ, ಕೈಗೂ ಹಿತ. ಸದ್ದು ಹೆಡ್‌ಫೋನಿನಲ್ಲಿ ನಿಮಗೆ ಮಾತ್ರ.

ಆದರೆ ಅಂಗಡಿಯವರು ಒಂದು ಮಾತು ಹೇಳುವುದಿಲ್ಲ. ಕೆಳಮನೆಯವರಿಗೆ ತೊಂದರೆ ಕೊಡುವುದು ಕೈ ಅಲ್ಲ, ಕಾಲು. ಬೇಸ್ ಪೆಡಲ್ ತುಳಿದಾಗಲೆಲ್ಲ ಆ ಗುದ್ದು ನೆಲದೊಳಗೆ ಇಳಿದು, ಕೆಳಗಿನವರ ತಾರಸಿಯಲ್ಲಿ ಧಡ್ ಧಡ್ ಅನ್ನುತ್ತದೆ. ಕಾರ್ಪೆಟ್ ಹಾಸಿದರೆ ಸಾಲದು. ಎರಡು ಪ್ಲೈವುಡ್ ಹಲಗೆ ಮಾಡಿಸಿ, ನಡುವೆ ಹಳೇ ಟೆನಿಸ್ ಚೆಂಡುಗಳನ್ನು ಸಾಲಾಗಿಟ್ಟು, ಚೆಂಡು ಜಾರದ ಹಾಗೆ ಹಲಗೆಯಲ್ಲಿ ತೂತು ಕೊರೆಸಿ, ಅದರ ಮೇಲೆ ಕಿಟ್ ಇಡಿ. ನಿಮ್ಮ ಬೀದಿಯ ಬಡಗಿ ಒಂದು ದಿನದಲ್ಲಿ ಮಾಡಿಕೊಡುತ್ತಾನೆ. ಚೆಂಡು ಗುದ್ದನ್ನು ನುಂಗಿಕೊಳ್ಳುತ್ತದೆ. ಮೊದಲ ದಿನ ಕೆಳಮನೆಯವರನ್ನೇ ಕರೆದು, ಅವರ ಮನೆಯಲ್ಲಿ ಎಷ್ಟು ಕೇಳುತ್ತದೆ ಅಂತ ನೀವೇ ಹೋಗಿ ಕೇಳಿಸಿಕೊಂಡು ಬನ್ನಿ, ಮೇಲೆ ಬೇರೆ ಯಾರಾದರೂ ತುಳಿಯುತ್ತಿರಲಿ. ಹೀಗೆ ಮಾಡಿದವರ ಮೇಲೆ ಯಾರೂ ಅಸೋಸಿಯೇಷನ್‌ಗೆ ದೂರು ಕೊಟ್ಟಿದ್ದನ್ನು ನಾನು ಕಂಡಿಲ್ಲ.

ಪ್ರಶ್ನೆ: ಅಣ್ಣಾ, ಎಂಟನೇ ವಯಸ್ಸಿನಿಂದ ಡೊಳ್ಳು ಬಾರಿಸ್ತೀನಿ. ನಮ್ಮ ಬೀರೇಶ್ವರನ ಜಾತ್ರೆಯಲ್ಲಿ ಅಪ್ಪ, ದೊಡ್ಡಪ್ಪ ಎಲ್ಲಾ ಬಾರಿಸೋರೇ. ಈಗ ಕಾಲೇಜಲ್ಲಿ ಬ್ಯಾಂಡ್ ಕಟ್ಟಿದಾರೆ, ಡ್ರಮ್ಸಿಗೆ ನನ್ನ ಕರೆದ್ರು. ಒಬ್ಬ ಸೀನಿಯರ್, ‘ನಿನ್ನ ಕೈ ಕೆಟ್ಟಿದೆ, ಡೊಳ್ಳು ಮರೆತು ಮೊದಲಿಂದ ಕಲಿ’ ಅಂದ. ಮರೀಬೇಕಾ?
— ಓದುಗ, ಹಾವೇರಿ ಜಿಲ್ಲೆ

ಉತ್ತರ: ಮರೆಯಬೇಡ. ಯಾರು ಹೇಳಿದರೂ ಮರೆಯಬೇಡ. ನಿನ್ನ ಪತ್ರ ಓದಿ ನನಗೆ ಬೇಜಾರಾಯಿತು, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಈ ಡ್ರಮ್ ಸೆಟ್ ಎಲ್ಲಿಂದ ಬಂತು ನೋಡು. ನೂರಿಪ್ಪತ್ತು ವರ್ಷದ ಹಿಂದೆ ಹೀಗೆ ಒಬ್ಬ ಕೂತು ಬಾರಿಸುವ ಸೆಟ್ ಇರಲಿಲ್ಲ. ಅಮೆರಿಕದ ಮೆರವಣಿಗೆ ಬ್ಯಾಂಡುಗಳಲ್ಲಿ ಒಬ್ಬ ಬೇಸ್ ಡ್ರಮ್ ಹೊತ್ತು ಬಾರಿಸುತ್ತಿದ್ದ, ಇನ್ನೊಬ್ಬ ಸ್ನೇರ್, ಮತ್ತೊಬ್ಬ ತಾಳದಂಥ ಸಿಂಬಲ್. ನ್ಯೂ ಆರ್ಲಿಯನ್ಸ್‌ನಂಥ ಊರುಗಳಲ್ಲಿ ಬ್ಯಾಂಡು ಬೀದಿಯಿಂದ ಕೋಣೆಯೊಳಗೆ ಬಂದಾಗ ಅಷ್ಟು ಜನಕ್ಕೆ ಜಾಗವೂ ಇಲ್ಲ, ಸಂಬಳವೂ ಇಲ್ಲ. ಮೂರು ಜನರ ಕೆಲಸ ಒಬ್ಬನ ಮೇಲೆ ಬಿತ್ತು. ಕಾಲಿನಲ್ಲಿ ತುಳಿಯುವ ಬೇಸ್ ಪೆಡಲನ್ನು ವಿಲಿಯಂ ಲಡ್ವಿಗ್ ಅನ್ನುವವರು 1909ರಲ್ಲಿ ಪೇಟೆಂಟ್ ಮಾಡಿಸಿದರು, ಹೈ-ಹ್ಯಾಟ್ ಬಂದದ್ದು 1920ರ ದಶಕದಲ್ಲಿ. ಅಂದರೆ ಇದೂ ಮೆರವಣಿಗೆಯ ವಾದ್ಯವೇ. ಹೆಗಲಿಗೆ ಹಾಕಿ, ನಡೆಯುತ್ತಾ, ಕುಣಿಯುತ್ತಾ ಬಾರಿಸಿದವರ ಕೈಯಿಂದ ಬಂದದ್ದು. ಕೆಲವು ಡ್ರಮ್ಮರುಗಳು ಎಡಗೈ ಸ್ಟಿಕ್ಕನ್ನು ಅಂಗೈ ಮೇಲೆ ಮಾಡಿ ಹಿಡಿಯುತ್ತಾರಲ್ಲ, ಟ್ರೆಡಿಷನಲ್ ಗ್ರಿಪ್ ಅಂತಾರೆ, ಅದು ಬಂದದ್ದೂ ಪಟ್ಟಿಯಲ್ಲಿ ಇಳಿಬಿಟ್ಟ ಸ್ನೇರ್ ಒಂದು ಕಡೆ ವಾಲಿಕೊಳ್ಳುತ್ತಿದ್ದುದರಿಂದ. ಸೊಂಟದ ಹತ್ತಿರ ವಾಲಿದ ವಾದ್ಯಕ್ಕೆ ಕೈ ಹೇಗೆ ಹೊಂದಿಕೊಳ್ಳುತ್ತದೆ ಅಂತ ನಿನಗೆ ಬೇರೆ ಹೇಳಬೇಕಾ?

ತೊಗಲಿನ ಕಥೆಯೂ ಅಷ್ಟೇ. 1950ರ ದಶಕದ ಕೊನೆಗೆ ಪ್ಲಾಸ್ಟಿಕ್ ಹೆಡ್ ಬರುವವರೆಗೂ ಅವರದ್ದೂ ಕರುವಿನ ಚರ್ಮವೇ. ಥಂಡಿಗೆ ಸಡಿಲ ಬೀಳುತ್ತಿತ್ತು. ನಮ್ಮಲ್ಲಿ ತಮಟೆಯನ್ನು ಬೆಂಕಿಗೆ ಹಿಡಿದು ಕಾಯಿಸುತ್ತಾರಲ್ಲ, ಅಂಥದ್ದೇ ಪಾಡು ಅವರಿಗೂ ಇತ್ತು.

ಈಗ ನಿನ್ನ ಕೈ ವಿಷಯ. ನಿನ್ನ ಹತ್ತಿರ ಈಗಾಗಲೇ ಏನಿದೆ ಅಂದರೆ, ಹದಿನೈದು ಜನರ ಜೊತೆ ಗತ್ತು, ಅಂದರೆ ಬಡಿತದ ವರಸೆ, ತಪ್ಪದೆ ನಿಲ್ಲುವ ಅಭ್ಯಾಸ ಇದೆ. ಒಬ್ಬರು ಗತ್ತು ಬದಲಿಸಿದಾಗ ಕಣ್ಣಲ್ಲೇ ತಿಳಿದು ತಾನೂ ಬದಲಿಸುವುದು ಗೊತ್ತಿದೆ. ಕುಣಿಯುವಾಗ ಕಾಲು ಒಂದು ಲೆಕ್ಕ, ಕೈ ಒಂದು ಲೆಕ್ಕ ಹಾಕಿದರೂ ಎರಡೂ ಬಂದು ಸೇರುವ ಜಾಗ ಮೈಗೇ ಗೊತ್ತಿದೆ. ಪೇಟೆಯಲ್ಲಿ ಫೀಸು ಕಟ್ಟಿ ಕಲಿಯುವ ಹುಡುಗರಿಗೆ ಇದನ್ನು ಕಲಿಸಲು ನನಗೆ ವರ್ಷಗಳು ಬೇಕು.

ಬದಲಾಗಬೇಕಾದ್ದು ಎರಡೇ ಎರಡು. ಡೊಳ್ಳಿನಲ್ಲಿ ಏಟು ಹೆಗಲಿಂದ ಇಳಿಯುತ್ತದೆ, ಬಯಲಲ್ಲಿ ದೂರಕ್ಕೆ ಕೇಳಬೇಕಲ್ಲ. ಕಿಟ್ ಮೇಲೆ ಮಣಿಕಟ್ಟು ಮತ್ತು ಬೆರಳು ಸಾಕು. ಹೆಗಲಿಂದ ಹೊಡೆದರೆ ಸ್ಟಿಕ್ ಮುರಿಯುತ್ತದೆ, ಸಿಂಬಲ್ ಸೀಳುತ್ತದೆ. ಎರಡನೆಯದು ಎಡಗೈ. ಡೊಳ್ಳಿನ ಒಂದು ಮುಖಕ್ಕೆ ಕೋಲು, ಇನ್ನೊಂದಕ್ಕೆ ಬರಿಗೈ. ಬರಿಗೈಗೆ ಸ್ಟಿಕ್ಕಿನ ಪುಟಿತ ಹೊಸದು. ಹಾಗಾಗಿ ಒಂದು ತಿಂಗಳು ಪ್ಯಾಡಿನ ಮೇಲೆ ಎಡಗೈಗೆ ಬಲಗೈಗಿಂತ ಎರಡು ಪಟ್ಟು ಕೆಲಸ ಕೊಡು. ಪ್ಯಾರಡಿಡಲ್ ಅಂತ ಒಂದು ಪಾಠ ಇದೆ: ಬಲ ಎಡ ಬಲ ಬಲ, ಎಡ ಬಲ ಎಡ ಎಡ. ಅದನ್ನು ‘ತಕಧಿಮಿ ತಕಧಿಮಿ’ ಅಂತ ಬಾಯಲ್ಲಿ ಹೇಳಿಕೊಂಡು ಮಾಡು, ‘ತ’ ಬಂದಾಗಲೆಲ್ಲ ಸ್ವಲ್ಪ ಒತ್ತು ಕೊಡು. ಒತ್ತು ಒಮ್ಮೆ ಬಲಗೈಗೆ, ಒಮ್ಮೆ ಎಡಗೈಗೆ ಬರುತ್ತದೆ. ಅದೇ ಇದರ ಗುಟ್ಟು.

ಬಾಯಲ್ಲಿ ಹೇಳುವುದನ್ನು ಕೀಳಾಗಿ ನೋಡಬೇಡ. ಹೀಗೆ ಲಯವನ್ನು ಬಾಯಲ್ಲಿ ಹೇಳುವ ಕೊನ್ನಕ್ಕೋಲ್ ಕಲಿಯಲು ಹೊರದೇಶದ ಡ್ರಮ್ಮರುಗಳೇ ನಮ್ಮ ಕಡೆಗೆ ಬರುತ್ತಾರೆ. ಬೆಂಗಳೂರಿನಲ್ಲಿ ಮೃದಂಗ ವಾದಕ ಟಿ.ಎ.ಎಸ್. ಮಣಿ ಅವರು 1964ರಲ್ಲಿ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಕಟ್ಟಿದರು. ಅವರೂ ಗಾಯಕಿ ಆರ್.ಎ. ರಮಾಮಣಿ ಅವರೂ ಜಾಜ್ ಸಂಗೀತಗಾರರ ಜೊತೆ ಕೂತು ನುಡಿಸಿ, ಹಾಡಿ, ನಮ್ಮ ಲಯ ಆ ಸಂಗೀತದಲ್ಲಿ ಎಷ್ಟು ಚೆನ್ನಾಗಿ ಕೂರುತ್ತದೆ ಅಂತ ತೋರಿಸಿಕೊಟ್ಟರು. ನಿನ್ನ ಸೀನಿಯರ್‌ಗೆ ಕೋಪದಿಂದ ಏನೂ ಹೇಳಬೇಡ. ಬ್ಯಾಂಡಿನ ಯಾವುದಾದರೂ ಹಾಡಿನ ನಡುವೆ ಎಂಟು ಆವರ್ತ ಕೇಳಿ ತೊಗೊಂಡು, ನಿಮ್ಮ ಜಾತ್ರೆಯ ಒಂದು ಗತ್ತನ್ನು ಫ್ಲೋರ್ ಟಾಮ್ ಮತ್ತು ಬೇಸ್ ಡ್ರಮ್ ಮೇಲೆ ಹಾಕು. ಹಾಕಿದ ಮೇಲೆ ಏನಾಯಿತು ಅಂತ ನನಗೆ ಬರಿ.

ಪ್ರಶ್ನೆ: ಮಗನಿಗೆ ಆರು ವರ್ಷ. ಪಾತ್ರೆ, ಡಬ್ಬಿ, ಮೇಜು ಯಾವುದನ್ನೂ ಬಿಡುವುದಿಲ್ಲ, ಬಾರಿಸುತ್ತಲೇ ಇರುತ್ತಾನೆ. ಕ್ಲಾಸಿಗೆ ಹಾಕಬಹುದಾ? ಮಾವನವರು ಮೃದಂಗ ಅಂತಾರೆ, ಯಜಮಾನರು ಡ್ರಮ್ಸ್ ಅಂತಾರೆ.
— ಗೃಹಿಣಿ, ಮೈಸೂರು

ಉತ್ತರ: ಆರು ವರ್ಷಕ್ಕೆ ಹಾಕಬಹುದು, ಆದರೆ ಕ್ಲಾಸಿಗೆ ಹೋಗಿ ಮೊದಲು ಸ್ಟೂಲ್ ನೋಡಿ. ಕೂತಾಗ ಮಗುವಿನ ಪಾದ ಪೆಡಲಿಗೆ ಪೂರ್ತಿ ತಾಗಬೇಕು. ತಾಗದೆ ತುದಿಗಾಲಲ್ಲಿ ಜಗ್ಗಿ ತುಳಿಯುವ ಹಾಗಿದ್ದರೆ, ಮಕ್ಕಳ ಅಳತೆಯ ಚಿಕ್ಕ ಸೆಟ್ ಇರುವ ಕಡೆ ಹುಡುಕಿ, ಇಲ್ಲವೇ ಒಂದು ವರ್ಷ ಬರೀ ಪ್ಯಾಡ್ ಸಾಕು. ವಾರಕ್ಕೆರಡು ದಿನ, ಅರ್ಧ ಗಂಟೆ. ಮನೆಯಲ್ಲಿ ದಿನಕ್ಕೆ ಹತ್ತು ನಿಮಿಷ. ಆ ವಯಸ್ಸಿಗೆ ಅದಕ್ಕಿಂತ ಜಾಸ್ತಿ ಬೇಡ. ಕಿವಿಗೆ ಮಕ್ಕಳ ಇಯರ್ ಮಫ್ ಹಾಕದೆ ಸೆಟ್ ಮುಂದೆ ಕೂರಿಸುವ ಮೇಷ್ಟರ ಹತ್ತಿರ ಬಿಡಬೇಡಿ, ಅವರು ಎಷ್ಟೇ ಒಳ್ಳೆಯ ವಾದಕರಾಗಿರಲಿ.

ಮೃದಂಗವಾ ಡ್ರಮ್ಸಾ ಅಂತ ಮನೆಯಲ್ಲಿ ಜಗಳ ಬೇಡ. ಎರಡನ್ನೂ ತೋರಿಸಿ. ರಾಮನವಮಿಯ ಕಚೇರಿಗಳಿಗೆ ಒಂದು ದಿನ ಕರೆದುಕೊಂಡು ಹೋಗಿ, ಮೃದಂಗದವರು ಒಬ್ಬರೇ ನುಡಿಸುವ ತನಿ ಆವರ್ತನ ಬಂದಾಗ ಮಗುವಿನ ಮುಖ ನೋಡಿ. ಒಳ್ಳೆಯ ಮೃದಂಗದ ಮೇಷ್ಟರು ಹತ್ತಿರದಲ್ಲಿದ್ದರೆ ನನ್ನ ಓಟು ಮಾವನವರಿಗೆ. ನಾಲ್ಕರ ಚತುರಶ್ರ, ಮೂರರ ತಿಶ್ರ, ಐದರ ಖಂಡ, ಏಳರ ಮಿಶ್ರ ಎಲ್ಲ ಬಾಯಿಗೆ ಬಂದ ಮಗು ಹನ್ನೆರಡನೇ ವಯಸ್ಸಿಗೆ ಡ್ರಮ್ಸ್ ಮುಂದೆ ಕೂತರೂ ತಡವೇನಲ್ಲ. ಲಂಡನ್ನಿನ ಟ್ರಿನಿಟಿ ಕಾಲೇಜು ನಡೆಸುವಂಥ ಸಂಗೀತ ಪರೀಕ್ಷೆಗಳಲ್ಲಿ ಡ್ರಮ್ಸಿಗೂ ಎಂಟರವರೆಗೆ ಗ್ರೇಡ್ ಇವೆ. ಆ ಸರ್ಟಿಫಿಕೇಟಿನ ಆತುರವನ್ನು ಸದ್ಯಕ್ಕೆ ಬದಿಗಿಡಿ. ಡಬ್ಬಿ ಬಾರಿಸಲಿ ಬಿಡಿ, ಬೈಯಬೇಡಿ.

ಪ್ರಶ್ನೆ: ಮೂರು ತಿಂಗಳಾಯ್ತು. ದಿನಾ ಎರಡು ಗಂಟೆ ಪ್ರಾಕ್ಟೀಸ್ ಮಾಡ್ತೀನಿ. ಮೆಟ್ರೊನೋಮಿನಲ್ಲಿ ಸ್ಪೀಡ್ 110 ದಾಟ್ತಾ ಇಲ್ಲ. ಬಲ ಮಣಿಕಟ್ಟು ನೋಯುತ್ತೆ, ಹೆಬ್ಬೆರಳಿನ ಬುಡದಲ್ಲಿ ಚುಳುಕ್ ಅನ್ನುತ್ತೆ.
— ಓದುಗ, ಹುಬ್ಬಳ್ಳಿ

ಉತ್ತರ: ಪ್ರಾಕ್ಟೀಸ್ ಇವತ್ತೇ ನಿಲ್ಲಿಸಿ. ಒಂದು ವಾರ ಪೂರ್ತಿ ಬಿಡುವು. ಆಮೇಲೂ ಚುಳುಕ್ ಅಂದರೆ ಡಾಕ್ಟರಿಗೆ ತೋರಿಸಿ. ತೋಳು ಸೋತು ಬರುವ ಸುಸ್ತು ಬೇರೆ, ಕೀಲಿನಲ್ಲಿ ಬರುವ ನೋವು ಬೇರೆ. ಎರಡನೆಯದನ್ನು ತಡೆದುಕೊಂಡು ಬಾರಿಸುವುದು ಸಾಹಸ ಅಲ್ಲ.

ವಾಪಸ್ ಕೂತಾಗ ಮೂರು ಕಡೆ ನೋಡಿ. ಸ್ಟೂಲ್ ಎತ್ತರ: ತೊಡೆ ಮಂಡಿಯ ಕಡೆಗೆ ಸ್ವಲ್ಪ ಇಳಿಜಾರಾಗಿರಬೇಕು. ಸ್ನೇರ್ ಎತ್ತರ: ಸ್ಟಿಕ್ ತೊಡೆಗೆ ತಾಗದೆ, ಮೊಣಕೈ ಮೈಪಕ್ಕದಲ್ಲಿ ಸಡಿಲವಾಗಿರುವಷ್ಟು. ಮೂರನೆಯದು ನಿಮ್ಮ ಹೆಬ್ಬೆರಳಿನ ಉಗುರು. ಬಾರಿಸುವಾಗ ಮೊಬೈಲಿನಲ್ಲಿ ವಿಡಿಯೋ ತೆಗೆದು ಆ ಉಗುರಿನ ಬಣ್ಣ ನೋಡಿ. ಬಿಳಿಚಿಕೊಂಡಿದ್ದರೆ ನೀವು ಸ್ಟಿಕ್ಕನ್ನು ಹಿಸುಕುತ್ತಿದ್ದೀರಿ. ಸ್ಪೀಡು 110ರಲ್ಲಿ ನಿಂತಿರುವುದೂ, ನೋವು ಬಂದಿರುವುದೂ ಅದೇ ಒಂದು ಕಾರಣಕ್ಕೆ. ಹಿಸುಕಿದ ಸ್ಟಿಕ್ ಪುಟಿಯುವುದಿಲ್ಲ, ಪುಟಿಯದ ಸ್ಟಿಕ್ಕನ್ನು ಪ್ರತಿ ಸಲ ಮಣಿಕಟ್ಟೇ ಎತ್ತಬೇಕು.

ಮತ್ತೆ 60ಕ್ಕೆ ಬನ್ನಿ. ವಾರಕ್ಕೆ ನಾಲ್ಕೇ ನಾಲ್ಕು ಏರಿಸಿ. 60, 64, 68. ಉಗುರು ಬಿಳಿಚಿಕೊಂಡ ವಾರ ಏರಿಸಬೇಡಿ. ಎರಡು ಗಂಟೆ ಒಟ್ಟಿಗೆ ಬೇಡ, ಇಪ್ಪತ್ತು ನಿಮಿಷದ ಮೂರು ಕಂತು ಸಾಕು. ಹುಬ್ಬಳ್ಳಿಯವರಿಗೆ ಪೇಡೆ ಪಾಕದ ಕಷ್ಟ ಗೊತ್ತಿರಬೇಕು, ಅಕ್ಕಪಕ್ಕದ ಧಾರವಾಡದವರೇ ಅಲ್ವಾ. ಉರಿ ಜೋರು ಮಾಡಿದರೆ ಹಾಲು ಹತ್ತುತ್ತದೆ, ಪೇಡೆ ಆಗುವುದಿಲ್ಲ.

ಪ್ರಶ್ನೆ: ನಾನು ಎಡಚ. ಸೆಟ್ ತಿರುಗಿಸಿ ಹಾಕಿಕೊಳ್ಳಬೇಕಾ?
— ಓದುಗ, ಕಾಸರಗೋಡು

ಉತ್ತರ: ಎರಡೂ ನಡೆಯುತ್ತದೆ. ಬೀಟಲ್ಸ್ ಬ್ಯಾಂಡಿನ ಡ್ರಮ್ಮರ್ ರಿಂಗೋ ಸ್ಟಾರ್ ಎಡಚರು, ಬಾರಿಸಿದ್ದು ಮಾಮೂಲಿ ಸೆಟ್ ಮೇಲೆ. ಜೆನೆಸಿಸ್ ಬ್ಯಾಂಡಿನ ಡ್ರಮ್ಮರ್ ಫಿಲ್ ಕಾಲಿನ್ಸ್ ಎಡಚರು, ತಿರುಗಿಸಿ ಹಾಕಿಕೊಂಡರು. ಒಂದು ತಿಂಗಳು ಎರಡನ್ನೂ ಮಾಡಿ ನೋಡಿ, ಕಾಲು ಯಾವುದಕ್ಕೆ ಒಪ್ಪುತ್ತದೋ ಅದಕ್ಕೆ ಹೋಗಿ. ಬೇರೆಯವರ ಸೆಟ್ ಮೇಲೆ ಬಾರಿಸುವ ಸಂದರ್ಭ ಜಾಸ್ತಿ ಇದ್ದರೆ ಮಾಮೂಲಿಯೇ ಅನುಕೂಲ, ಪ್ರತಿ ಸಲ ಸ್ಟ್ಯಾಂಡು ಬಿಚ್ಚಿ ಕೂರುವ ಕಷ್ಟ ಇರುವುದಿಲ್ಲ.

ಪ್ರಶ್ನೆ: ಬ್ಯಾಂಡ್ ಪ್ರಾಕ್ಟೀಸ್ ಮುಗಿಸಿ ಮನೆಗೆ ಬಂದ ಮೇಲೂ ಕಿವಿಯಲ್ಲಿ ‘ಙೀ’ ಅಂತ ಸದ್ದು. ಬೆಳಗ್ಗೆ ಎದ್ದರೆ ಇರಲ್ಲ. ಇದು ಮಾಮೂಲಾ? ಗೆಳೆಯರು ಅಭ್ಯಾಸ ಆಗುತ್ತೆ ಬಿಡು ಅಂತಾರೆ.
— ಓದುಗ, ಶಿವಮೊಗ್ಗ

ಉತ್ತರ: ಅಭ್ಯಾಸ ಆಗುವುದಿಲ್ಲ. ಒಂದು ದಿನ ಬೆಳಗ್ಗೆ ಎದ್ದಾಗಲೂ ಅದು ಇರುತ್ತದೆ, ಆಮೇಲೆ ಹೋಗುವುದಿಲ್ಲ.

ನನಗೆ ಆದದ್ದನ್ನು ಹೇಳುತ್ತೇನೆ. ಹತ್ತು ವರ್ಷದ ಕೆಳಗೆ, ಒಂದು ಗಣೇಶೋತ್ಸವದ ರಸಮಂಜರಿ. ವೇದಿಕೆ ಚಿಕ್ಕದು, ಸೌಂಡ್ ಬಾಕ್ಸನ್ನು ನನ್ನ ಎಡಗಿವಿಗೆ ನಾಲ್ಕಡಿ ದೂರದಲ್ಲಿಟ್ಟಿದ್ದರು. ಸರಿಸಿ ಅಂತ ಎರಡು ಸಲ ಹೇಳಿದೆ, ಜಾಗ ಇಲ್ಲ ಅಂದರು. ಕಿವಿಗೆ ಏನೂ ಹಾಕಿರಲಿಲ್ಲ. ನಾಲ್ಕು ಗಂಟೆ ಬಾರಿಸಿದೆ. ಆ ‘ಙೀ’ ಎರಡು ದಿನ ಇತ್ತು, ಆಮೇಲೆ ಸಣ್ಣದಾಯಿತು, ಇವತ್ತಿಗೂ ಹೋಗಿಲ್ಲ. ಕಿವಿ ಪರೀಕ್ಷೆ ಮಾಡಿಸಿದಾಗ ಎಡಗಿವಿಯಲ್ಲಿ ಕೀಚಲು ದನಿಯ ಸದ್ದುಗಳು ಕಮ್ಮಿಯಾಗಿವೆ ಅಂದರು. ಅದು ನನಗೆ ಅರ್ಥವಾದದ್ದು ಊರಿಗೆ ಹೋದಾಗ. ಮಳೆ ನಿಂತ ರಾತ್ರಿ ಜಗುಲಿಯಲ್ಲಿ ಕೂತಿದ್ದೆವು, ಅಮ್ಮ ‘ಜೀರುಂಡೆ ಎಷ್ಟು ಕೂಗ್ತಿದಾವೆ’ ಅಂದಳು. ನಾನು ಬಲಗಿವಿಯನ್ನು ಅಂಗಳದ ಕಡೆ ತಿರುಗಿಸಿದ ಮೇಲೆ ಕೇಳಿಸಿತು.

ಲೆಕ್ಕ ತಿಳಿದುಕೊಳ್ಳಿ. 85 ಡೆಸಿಬಲ್ ಸದ್ದಿನಲ್ಲಿ ದಿನಕ್ಕೆ ಎಂಟು ಗಂಟೆ ಇರಬಹುದು ಅಂತ ಕೆಲಸದ ಜಾಗದ ಸುರಕ್ಷತೆ ನೋಡುವ ಅಮೆರಿಕದ ನಿಯೋಶ್ ಸಂಸ್ಥೆ ಹೇಳುತ್ತದೆ. ಮೂರು ಡೆಸಿಬಲ್ ಏರಿದಂತೆಲ್ಲ ಆ ಹೊತ್ತು ಅರ್ಧವಾಗುತ್ತದೆ. 88ಕ್ಕೆ ನಾಲ್ಕು ಗಂಟೆ, 91ಕ್ಕೆ ಎರಡು, 94ಕ್ಕೆ ಒಂದು, 97ಕ್ಕೆ ಅರ್ಧ ಗಂಟೆ, 100ಕ್ಕೆ ಕಾಲು ಗಂಟೆ. ಮುಚ್ಚಿದ ಕೋಣೆಯಲ್ಲಿ ಬ್ಯಾಂಡು 100 ದಾಟುತ್ತದೆ, ನೀವು ಅಲ್ಲಿ ಎಷ್ಟು ಹೊತ್ತು ಇರುತ್ತೀರಿ ಅಂತ ನೀವೇ ಎಣಿಸಿಕೊಳ್ಳಿ.

ಹತ್ತಿ ತುರುಕಿಕೊಂಡರೆ ಸಾಲುವುದಿಲ್ಲ. ಮೆಡಿಕಲ್ ಶಾಪಿನಲ್ಲಿ ಸಿಗುವ ಫೋಮ್ ಇಯರ್ ಪ್ಲಗ್ ತುಂಬ ಅಗ್ಗ. ಬೆರಳಲ್ಲಿ ಹೊಸೆದು ಸಣ್ಣ ಮಾಡಿ, ಇನ್ನೊಂದು ಕೈಯಿಂದ ಕಿವಿಯನ್ನು ಮೇಲೆ ಹಿಂದಕ್ಕೆ ಎಳೆದು, ಒಳಗಿಟ್ಟು, ಅದು ಅರಳುವವರೆಗೆ ಬೆರಳಲ್ಲಿ ಒತ್ತಿ ಹಿಡಿಯಬೇಕು. ಸಂಗೀತಗಾರರಿಗೆಂದೇ ಮಾಡಿದ ಪ್ಲಗ್ ಕೂಡ ಇದೆ, ಸದ್ದನ್ನು ಮಂಕು ಮಾಡದೆ ತಗ್ಗಿಸುತ್ತದೆ, ಬೆಲೆ ಸ್ವಲ್ಪ ಜಾಸ್ತಿ. ಯಾವುದೋ ಒಂದು ಹಾಕಿ. ಈ ವಾರದ ಪ್ರಾಕ್ಟೀಸಿಗೇ ಹಾಕಿ. ಗೆಳೆಯರಿಗೂ ಒಂದೊಂದು ಜೊತೆ ತೊಗೊಂಡು ಹೋಗಿ.

ಪ್ರಶ್ನೆ: ಮಸ್ಕತ್‌ನಲ್ಲಿ ಕೆಲಸ. ಹತ್ತಿರದಲ್ಲಿ ಮೇಷ್ಟರಿಲ್ಲ. ವಿಡಿಯೋ ನೋಡಿ ಕಲಿಯಬಹುದಾ? ಮೊದಲು ಯಾವ ಹಾಡಿಗೆ ಬಾರಿಸಲಿ?
— ಅನಿವಾಸಿ ಕನ್ನಡಿಗ

ಉತ್ತರ: ಕಲಿಯಬಹುದು. ವಿಡಿಯೋ ಎಲ್ಲವನ್ನೂ ತೋರಿಸುತ್ತದೆ, ನಿಮ್ಮ ಕೈಯನ್ನು ಮಾತ್ರ ನೋಡುವುದಿಲ್ಲ. ಅದಕ್ಕೆ ಮುಂದೆ ಒಂದು ಕನ್ನಡಿ ಇಟ್ಟುಕೊಳ್ಳಿ. ಎರಡು ಸ್ಟಿಕ್ಕೂ ಒಂದೇ ಎತ್ತರಕ್ಕೆ ಏಳುತ್ತಿವೆಯಾ ಅಂತ ನೋಡುವುದಕ್ಕೆ ಅದು ಸಾಕು. ತಿಂಗಳಿಗೊಮ್ಮೆ ಎರಡು ನಿಮಿಷದ ವಿಡಿಯೋವನ್ನು ಬಲ್ಲವರೊಬ್ಬರಿಗೆ ಕಳಿಸಿ. ರಜೆಗೆ ಊರಿಗೆ ಬಂದಾಗ ನಾಲ್ಕು ದಿನ ಮೇಷ್ಟರ ಎದುರು ಕೂತು ಹೋಗಿ, ಆರು ತಿಂಗಳ ತಪ್ಪು ಆ ನಾಲ್ಕು ದಿನದಲ್ಲಿ ಸಿಕ್ಕಿಬೀಳುತ್ತದೆ. ಇವತ್ತು ಒಬ್ಬರ ಚಾನೆಲ್, ನಾಳೆ ಇನ್ನೊಬ್ಬರದು ಅಂತ ಅಲೆಯಬೇಡಿ. ಒಬ್ಬರನ್ನು ಹಿಡಿದು, ಅವರು ಹೇಳಿದ ಸಾಲಿನಲ್ಲೇ ಹೋಗಿ.

ಹಾಡು ನಿಮಗೆ ಬಾಯಿಪಾಠ ಬರುವ, ನಡೆಯುವ ವೇಗದ ಯಾವುದಾದರೂ ಆಗಲಿ. ಮೊದಲ ವಾರ ಏನನ್ನೂ ಬಾರಿಸಬೇಡಿ. ಕಣ್ಣು ಮುಚ್ಚಿ, ಹಾಡಿನ ಪದಗಳನ್ನು ಬಿಟ್ಟು ಬೇಸ್ ಡ್ರಮ್ ಎಲ್ಲಿ ಬೀಳುತ್ತದೆ ಅಂತ ಮಾತ್ರ ಕೇಳಿ, ಕಾಲು ಹಾಕಿ. ಎರಡನೇ ವಾರ ಸ್ನೇರ್. ಮೂರನೇ ವಾರ ಹೈ-ಹ್ಯಾಟ್. ನಡುವೆ ಬರುವ ಫಿಲ್, ಅಂದರೆ ಬೀಟು ಬಿಟ್ಟು ಹಾಕುವ ಚಿಕ್ಕ ಅಲಂಕಾರ, ಎಲ್ಲ ಬಿಟ್ಟುಬಿಡಿ, ಆ ಜಾಗದಲ್ಲಿ ಬೀಟನ್ನೇ ಮುಂದುವರಿಸಿ. ಪಲ್ಲವಿಯಿಂದ ಕೊನೆಯವರೆಗೆ, ನಾಲ್ಕೂವರೆ ನಿಮಿಷ, ಓಡದೆ, ಹಿಂದೆ ಬೀಳದೆ ಹಾಡಿನ ಜೊತೆ ಹೋದ ದಿನ ಆ ರೆಕಾರ್ಡಿಂಗ್ ನನಗೆ ಕಳಿಸಿ, ಕೂತು ಪೂರ್ತಿ ಕೇಳುತ್ತೇನೆ.